ಹಸಿರು ಗಾಡಿಗೆ ಎರಡು ಎಂಜಿನ್

ಹಳೆಯ ಗಾಡಿಗೆ ಎಂಜಿನ್ ಆರಿಸುವುದು ಮಗಳಿಗೆ ಗಂಡು ನೋಡಿದ ಹಾಗೆ. ನೆಂಟರು, ನೆರೆಯವರು, ದಾರಿಯಲ್ಲಿ ಹೋಗುವವರು, ಎಲ್ಲರಿಗೂ ಒಂದೊಂದು ಅಭಿಪ್ರಾಯ ಇರುತ್ತದೆ. ಸಂಸಾರ ಮಾಡಬೇಕಾದವಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಟೆಕ್ಸಸ್ಸಿನ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನ ನನ್ನ ಶೆಡ್ಡಿಗೆ ಆ ಹಸಿರು ಗಾಡಿ ಟ್ರೇಲರ್ ಮೇಲೆ ಬಂದಿಳಿದ ದಿನವೇ ಅಭಿಪ್ರಾಯಗಳು ಶುರುವಾದವು. ಪಕ್ಕದ ಶೆಡ್ಡಿನ ಪೇಂಟರ್ ಇದ್ದುದರಲ್ಲೇ ದೊಡ್ಡ ಎಂಜಿನ್ ಹಾಕು ಅಂದ. ಟ್ರೇಲರ್ ಡ್ರೈವರ್ ಡೀಸೆಲ್ ಅಂದ. ಸೀಡರ್ ಪಾರ್ಕಿನಿಂದ ಬ್ರೇಕ್ ಪ್ಯಾಡ್ ಹಾಕಿಸಲು ಬಂದಿದ್ದ ಚಿಪ್ ಕಂಪನಿಯ ಎಂಜಿನಿಯರೊಬ್ಬ "ಬ್ಯಾಟರಿ ಹಾಕ್ಬಿಡಿ ಮೇಡಂ, ಫ್ಯೂಚರ್ ಅದೇ" ಅಂದ. ಅವನ ಪ್ಯಾಡು ಅವನ ಕೈಗೇ ಕೊಟ್ಟು ನಾಳೆ ಬಾ ಎಂದು ಕಳಿಸಿದೆ.

ಇಲ್ಲಿನವರು ಮಸಲ್ ಕಾರ್ ಎನ್ನುವ ಜಾತಿಯ ಗಾಡಿ ಅದು. ಎರಡೇ ಬಾಗಿಲು, ಮಾರುದ್ದದ ಬಾನೆಟ್, ಅದರ ಕೆಳಗೆ ಗಾಡಿಯ ಯೋಗ್ಯತೆ ಮೀರಿದ ಎಂಟು ಸಿಲಿಂಡರಿನ ಎಂಜಿನ್. ವಯಸ್ಸು ಐವತ್ತು ದಾಟಿತ್ತು. ಬಾಡಿ, ಬಣ್ಣ, ಸೀಟು, ನಾಲ್ಕು ಗೇರಿನ ಗೇರ್‌ಬಾಕ್ಸು ಎಲ್ಲವೂ ಡ್ಯಾಲಸ್ ಕಡೆಯ ಬೇರೆ ಬೇರೆಯವರ ಕೈಯಲ್ಲಿ ಮುಗಿದಿದ್ದವು. ಬಾನೆಟ್ ಎತ್ತಿದರೆ ಮಾತ್ರ ಖಾಲಿ ಗುಂಡಿ. ಅದರದೇ ಹಳೆಯ ಎಂಜಿನ್ ಟ್ರೇಲರಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂತಿತ್ತು.

ಗಾಡಿಯ ಯಜಮಾನರು ಹಿಂದೆಯೇ ತಮ್ಮ ಕಾರಿನಲ್ಲಿ ಬಂದರು. ಓಡಿಸುತ್ತಿದ್ದವರು ಅವರ ಹೆಂಡತಿ. ಇಬ್ಬರೂ ಮೈಸೂರಿನವರು, ಡ್ಯಾಲಸ್ ಹತ್ತಿರದ ಅಲೆನ್‌ನಲ್ಲಿ ಮನೆ. ಯಜಮಾನರು ಪ್ಲೇನೋದ ಆಫೀಸಿಗೆ ದಿನಾ ಹೋಗಿಬಂದು ಈಚೆಗೆ ನಿವೃತ್ತರಾದವರು. ನನಗಿಂತ ಹಿರಿಯರಾದ್ದರಿಂದ ಮೊದಲ ದಿನವೇ ಅಂಕಲ್, ಆಂಟಿ ಆದರು. ಅಂಕಲ್ ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಹಾಕುವಾಗ ನನ್ನ ಟೂಲ್ ಟ್ರಾಲಿಗೆ ಮೊಣಕಾಲು ಹೊಡೆಸಿಕೊಂಡರು. ನೋಡದೇ ನಡೆಯುವ ಮನುಷ್ಯ ಅಂದುಕೊಂಡೆ.

"ಯಾವ ಎಂಜಿನ್ ಅಂತ ಆಮೇಲೆ ಮಾತಾಡೋಣ ಕಣಮ್ಮ. ಮೊದ್ಲು ಯಾವಾಗ ಆಗುತ್ತೆ ಹೇಳು," ಅಂದರು.

"ಎಲ್ಲಾರೂ ಮೊದಲ ಹಾರ್ಸ್‌ಪವರ್ ಕೇಳ್ತಾರ್ರಿ ಅಂಕಲ್. ನೀವ್ ಟೈಮ್ ಕೇಳಾಕತ್ತೀರಿ."

"ಹಾರ್ಸ್‌ಪವರ್ ಕಾಯುತ್ತೆ. ಕಣ್ಣು ಕಾಯಲ್ಲ."

ಎರಡು ಕೈಯನ್ನೂ ದುಂಡಗೆ ಮಾಡಿ ಬೈನಾಕ್ಯುಲರಿನಂತೆ ಕಣ್ಣಿಗಿಟ್ಟುಕೊಂಡು ತೋರಿಸಿದರು. ಇಷ್ಟು ಕಾಣುತ್ತದೆ, ಸುತ್ತ ಏನೂ ಇಲ್ಲ. ಗ್ಲಾಕೋಮಾ. ಹಗಲು ಹೊತ್ತು, ಮನೆ ಹತ್ತಿರದ ರಸ್ತೆಗಳಲ್ಲಿ ಇನ್ನೂ ಓಡಿಸಬಹುದು ಎಂದು ಡಾಕ್ಟರ್ ಹೇಳಿದ್ದರು. ಮುಂದಿನ ವರ್ಷದ ಬೇಸಿಗೆಯ ಹೊತ್ತಿಗೆ ಅದೂ ಅನುಮಾನ. ಇಂಥ ಗಾಡಿಯ ಆಸೆ ಅವರಿಗೆ ಅಮೆರಿಕಕ್ಕೆ ಓದಲು ಬಂದ ಹೊಸದರಲ್ಲಿ ಹತ್ತಿದ್ದು. ಬಾಡಿಗೆ ಮನೆಯ ಮಾಲೀಕ ಇಂಥದ್ದೇ ಗಾಡಿಯಲ್ಲಿ ದಿನಸಿ ತರಲು ಕರೆದೊಯ್ಯುತ್ತಿದ್ದನಂತೆ. "ಒಂದಿನ ಕೀ ಕೊಟ್ಟು ನೀನೇ ಓಡ್ಸು ಅಂದ. ನಂಗೆ ಲೈಸೆನ್ಸ್ ಇರ್ಲಿಲ್ಲ. ಬೇಡ ಅಂದ್ಬಿಟ್ಟೆ. ಆ ಸದ್ದು ಮಾತ್ರ ಎದೆ ಬಿಟ್ಟು ಹೋಗ್ಲಿಲ್ಲ."

ನನಗೆ ಕನಿಕರಕ್ಕಿಂತ ಮೊದಲು ಸಿಟ್ಟು ಬಂತು. ಇಷ್ಟು ಗೊತ್ತಿದ್ದೂ ಹಸಿರಿನ ಯಾವ ಛಾಯೆ ಎಂದು ಆರಿಸುವುದರಲ್ಲೇ ಒಂದು ವರ್ಷ ಕಳೆದಿದ್ದಾರೆ. ಬಣ್ಣ ನೋಡುವವನಿಗೆ ಕಣ್ಣು ಬೇಕು ಎಂಬುದೇನೋ ಸರಿ.

ನನ್ನ ಸಲಹೆ ಸ್ಪಷ್ಟವಾಗಿತ್ತು. ಕ್ರೇಟ್ ಎಂಜಿನ್ ತರಿಸೋಣ ಅಂದೆ. ಕಾರ್ಖಾನೆಯಲ್ಲೇ ಜೋಡಿಸಿ, ಪರೀಕ್ಷಿಸಿ, ಮರದ ಪೆಟ್ಟಿಗೆಯಲ್ಲಿ ಕಳಿಸುವ ಹೊಸ ಕಾಲದ ಅಲ್ಯೂಮಿನಿಯಂ ಎಂಜಿನ್ ಅದು. ಹಗುರ, ಕಾರ್ಬ್ಯುರೇಟರಿನ ರಗಳೆಯಿಲ್ಲ, ಕೀ ತಿರುಗಿಸಿದರೆ ಚಳಿಗಾಲದಲ್ಲೂ ಏಳುತ್ತದೆ. ಕೂರಿಸಲು ಒಂದಿಷ್ಟು ಕತ್ತರಿಸಿ ಬೆಸೆಯಬೇಕಾಗುತ್ತದೆ, ಆದರೆ ಚಳಿ ಬರುವ ಮೊದಲು ಗಾಡಿ ರಸ್ತೆಗಿಳಿಯುತ್ತದೆ.

ಅಂಕಲ್ ಟಾರ್ಪಾಲು ಸರಿಸಿ ಹಳೆಯ ಎಂಜಿನ್ನಿನ ಮುಂಭಾಗವನ್ನು ಬೆರಳಿನಿಂದ ತಡಕಿದರು. ಅಲ್ಲಿ ಕೊರೆದ ನಂಬರೂ ಗಾಡಿಯ ನಂಬರೂ ಒಂದೇ.

"ಬೇರೆ ಎಂಜಿನ್ ಹಾಕಿದ್ರೆ ಅದು ವೇಷ ಆಗುತ್ತೆ ಕಣಮ್ಮ, ಗಾಡಿ ಆಗಲ್ಲ. ನಂಗೆ ಆ ಸದ್ದು ಬೇಕು."

"ಸದ್ದು ಕೇಳಾಕ ಗಾಡಿ ಓಡಬೇಕಲ್ರಿ."

"ಓಡಿಸ್ತೀಯ ನೀನು. ಬೆಳಗಾವಿಯವಳಂತೆ, ಅಪ್ಪಂದು ಕ್ರ್ಯಾಂಕ್‌ಶಾಫ್ಟ್ ಗ್ರೈಂಡಿಂಗಂತೆ. ವಿಚಾರಿಸ್ಕೊಂಡೇ ಬಂದಿರೋದು."

ಹೊಗಳಿಕೆಗೆ ಬಗ್ಗುವವಳಲ್ಲ ನಾನು ಎಂದು ಬರೆಯಬಹುದಿತ್ತು. ಬಗ್ಗಿದೆ. ಹಳೆಯ ಕಬ್ಬಿಣ ಕಂಡರೆ ನನ್ನ ಕೈಯೂ ತುರಿಸುತ್ತದೆ.

ಆ ಬ್ಲಾಕನ್ನು ಹ್ಯೂಸ್ಟನ್‌ನ ಮಷೀನ್ ಶಾಪಿಗೆ ಒಯ್ದೆ. 290ನೇ ಹೆದ್ದಾರಿಯಲ್ಲಿ ಪಿಕಪ್ಪಿನ ಹಿಂಭಾಗ ಕುಗ್ಗಿಸಿಕೊಂಡು ಹೋದದ್ದು. ಅಲ್ಲಿ ಬಿಸಿ ಸೋಡಾದಲ್ಲಿ ತೊಳೆದು, ಅಯಸ್ಕಾಂತ ಹಿಡಿದು, ಕಬ್ಬಿಣದ ಪುಡಿ ಎರಚಿದರು. ಬಿರುಕಿದ್ದರೆ ಪುಡಿ ಅಲ್ಲಿ ಗೆರೆಯಾಗಿ ನಿಲ್ಲುತ್ತದೆ. ಗೆರೆ ನಿಲ್ಲಲಿಲ್ಲ. ಆಮೇಲೆ ಸಿಲಿಂಡರಿನ ಗೋಡೆ ಎಷ್ಟು ದಪ್ಪ ಉಳಿದಿದೆ ಎಂದು ಶಬ್ದದ ಅಲೆ ಬಿಟ್ಟು ಅಳೆದರು. ಹಿಂದೆ ಯಾರೋ ಒಮ್ಮೆ ಕೊರೆದು ಅಗಲ ಮಾಡಿದ್ದರು. ಒಂದು ಗೋಡೆ ಹಪ್ಪಳದಂತಾಗಿತ್ತು. ಅದೊಂದಕ್ಕೆ ಒಳಗೆ ಸ್ಲೀವ್, ಅಂದರೆ ಕಬ್ಬಿಣದ ಕೊಳವೆ, ಹಾಕಿದರೆ ಬದುಕುತ್ತದೆ, ಸಂಸಾರ ಮಾಡುತ್ತದೆ, ರೇಸು ಮಾಡಿಸಬೇಡ ಎಂದು ಅಲ್ಲಿನವನು ಹೇಳಿದ. ಮಾಡು ಅಂದೆ. ನಡುವೆ ಗಾಳಿಮಳೆ ಬಂದು ಅವರ ಬೀದಿಗೆ ಕರೆಂಟೇ ಇಲ್ಲದಾಯಿತು. ನಮ್ಮ ಬ್ಲಾಕು ಸರದಿಯಲ್ಲಿ ಕೂತಿತು. ಬೇಸಿಗೆ ಮುಗಿಯಿತು.

ವಾಪಸು ತಂದ ಮೇಲೆ ಜೋಡಣೆ. ಎಂಜಿನ್ ಜೋಡಿಸುವುದು ಎಂದರೆ ಮುಕ್ಕಾಲು ಪಾಲು ತೊಳೆಯುವುದು. ಬ್ಲಾಕಿನೊಳಗೆ ಆಯಿಲ್ ಹರಿಯಲು ಕೊರೆದ ಕಾಲುವೆಗಳಿರುತ್ತವೆ, ಬೆರಳು ತೂರದಷ್ಟು ಸಣ್ಣವು. ಅವನ್ನು ಉದ್ದನೆಯ ಬ್ರಷ್ಷಿನಿಂದ, ಬಿಸಿ ಸೋಪಿನ ನೀರಿನಿಂದ, ಬಿಳಿ ಬಟ್ಟೆಗೆ ಕಲೆ ಹತ್ತದಿರುವವರೆಗೆ ತಿಕ್ಕುತ್ತೇನೆ. ಕ್ರ್ಯಾಂಕ್‌ಶಾಫ್ಟಿಗೂ ಬೇರಿಂಗಿಗೂ ನಡುವಿನ ಸಂದು ಕೂದಲೆಳೆಯಷ್ಟು. ಅಲ್ಲಿ ಆಯಿಲ್ಲಿನ ಪದರ ಇರುವವರೆಗೆ ಎಂಜಿನ್ ಇರುತ್ತದೆ. ಅಪ್ಪನ ಶಾಪಿನಲ್ಲಿ ಕೆಮ್ಮಬೇಕಾದರೂ ಹೊರಗೆ ಹೋಗಬೇಕಿತ್ತು.

ದಸರಾ ಬಂತು. ಆಯುಧಪೂಜೆಗೆ ಬರುತ್ತೇವೆ ಎಂದು ಆಂಟಿ ಫೋನ್ ಮಾಡಿದರು. ನಮ್ಮ ಕಡೆ ಅದು ಖಂಡೇಪೂಜೆ. ಅಪ್ಪ ಅವತ್ತು ಲೇತುಗಳನ್ನೆಲ್ಲ ತೊಳೆದು, ಕುಂಬಳಕಾಯಿ ಒಡೆಯುತ್ತಿದ್ದ; ಆದರೆ ಬಿಚ್ಚಿದ ಎಂಜಿನ್ ಇದ್ದರೆ ಅದಕ್ಕೆ ಗೋಣಿ ಹೊದಿಸಿ, ದೇವರು ಹೊರಗಿಂದಲೇ ಆಶೀರ್ವಾದ ಮಾಡಲಿ ಅನ್ನುತ್ತಿದ್ದ. ನಾನೂ ಹಾಗೆಯೇ ಮಾಡಿದೆ. ಎಂಜಿನ್ ಸ್ಟ್ಯಾಂಡಿನ ಮೇಲೆ ಹೊಟ್ಟೆ ಮೇಲಾಗಿ ನಿಂತಿತ್ತು, ಆಗತಾನೇ ಆಯಿಲ್ ಪ್ಯಾನ್ ಕೂರಿಸಿದ್ದೆ. ಇದ್ದ ತೂತಿಗೆಲ್ಲ ಟೇಪು ಹಚ್ಚಿ, ಆಯಿಲ್ ಫಿಲ್ಟರ್ ಕೂರುವ ಬಾಯಿಗೆ ಕೆಂಪು ಪ್ಲಾಸ್ಟಿಕ್ ಬಿರಡೆ ಹಾಕಿದ್ದೆ. ಆಂಟಿ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಅರಿಶಿನ, ಕುಂಕುಮ, ಚೆಂಡುಹೂವಿನ ಮಾಲೆ, ಬೆಳ್ಳಿ ಬಟ್ಟಲಿನಲ್ಲಿ ಅಕ್ಷತೆ. ಅಂಕಲ್ಲಿಗೆ ಗಾಡಿಯ ಚಕ್ರ ಎಲ್ಲಿದೆ ತೋರಿಸಿ, ಅದರ ಕೆಳಗೆ ನಿಂಬೆಹಣ್ಣು ಇಡಿಸಿ, ಕಾಯಿ ಒಡೆಸಲು ನಾನು ಅವರ ಜೊತೆ ಹೊರಗೆ ಹೋದೆ. ಒಳಗೆ ಬಂದಾಗ ಆಂಟಿ ಎಂಜಿನ್ ಮುಂದೆ ಕಣ್ಣುಮುಚ್ಚಿ ಕೈ ಮುಗಿದು ನಿಂತಿದ್ದರು. ಬಿರಡೆ ಬಿರಡೆಯ ಜಾಗದಲ್ಲೇ ಇತ್ತು, ಮೇಲೆ ಒಂದು ಬೊಟ್ಟು ಕುಂಕುಮ.

ಫಿಲ್ಟರ್ ಹಾಕುವ ದಿನ ಕುಂಕುಮ ಒರೆಸಿ ಬಿರಡೆ ತೆಗೆದೆ. ಟಾರ್ಚು ಬಿಟ್ಟೆ. ಆ ದಾರಿ ಒಳಗೆ ಹೋಗಿ ತಿರುಗುತ್ತದೆ, ತಿರುವಿನಾಚೆ ಕಾಣುವುದಿಲ್ಲ.

ಪರೀಕ್ಷೆಯ ಸ್ಟ್ಯಾಂಡಿನ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಅಲೆನ್‌ಗೆ ಫೋನ್ ಮಾಡಿ ಮೊಬೈಲನ್ನು ಸೈಲೆನ್ಸರ್ ಹತ್ತಿರ ಹಿಡಿದೆ. ಆಯಿಲ್ ಪ್ರೆಷರ್ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತ್ತು. ಶೆಡ್ಡಿನ ತಗಡು ನಡುಗಿತು. ಪಕ್ಕದ ಪೇಂಟರ್ ಬ್ರಷ್ಷು ಹಿಡಿದೇ ಓಡಿಬಂದ.

"ಇದೇ ಕಣಮ್ಮ," ಅಂದರು ಅಂಕಲ್ ಫೋನಿನಲ್ಲಿ. "ಇದೇ."

ಇಡೀ ಕೆಲಸದಲ್ಲಿ ನಾನು ಸಂತೋಷಪಟ್ಟದ್ದು ಆ ಒಂದು ಮಧ್ಯಾಹ್ನ.

ಗಾಡಿಗೆ ಎಂಜಿನ್ ಕೂರಿಸಿ, ಗಂಡಹೆಂಡತಿಗೆ ಬರಲು ಹೇಳಿದ ದಿನ, ಅವರು ಬರುವ ಮುಂಚೆ ನಾನೊಬ್ಬಳೇ ಒಂದು ಸುತ್ತು ಓಡಿಸಲು ಹೊರಟೆ. ಯಾರ ಗಾಡಿಯನ್ನೂ ನಾನು ಮೊದಲು ಓಡಿಸದೆ ಕೊಡುವುದಿಲ್ಲ. ಟೋಲ್ ರಸ್ತೆಯ ಪಕ್ಕದ ಸರ್ವೀಸ್ ರಸ್ತೆ ಖಾಲಿಯಿತ್ತು. ಮೂರನೇ ಗೇರು, ನಾಲ್ಕನೇ ಗೇರು, ಎಲ್ಲ ಸಲೀಸು. ಕಾಲು ಎತ್ತಿದಾಗ ಒಂದು ಸಣ್ಣ ಟಕ್. ಆ ಸದ್ದನ್ನು ನಾನು ನಡೆಯಲು ಕಲಿಯುವ ಮುಂಚೆಯೇ ಕೇಳಿದ್ದೇನೆ. ಆಫ್ ಮಾಡಲು ಕೈ ಕೀಗೆ ಹೋಗುವಷ್ಟರಲ್ಲಿ ಅದು ಸುತ್ತಿಗೆ ಏಟಾಗಿ, ಆಮೇಲೆ ಒಂದೇ ದೊಡ್ಡ ಸಿಡಿತವಾಗಿ, ಕನ್ನಡಿಯಲ್ಲಿ ನೋಡಿದರೆ ರಸ್ತೆಯುದ್ದಕ್ಕೂ ಆಯಿಲ್. ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿನ ಪಕ್ಕೆ ಸೀಳಿಕೊಂಡು ಹೊರಗೆ ಬಂದಿತ್ತು. ತೂತಿನಲ್ಲಿ ನನ್ನ ಮುಷ್ಟಿ ಹೋಗುತ್ತಿತ್ತು.

ಗಾಡಿಯನ್ನು ಎಳೆದು ತಂದು ನಿಲ್ಲಿಸುವಾಗಲೇ ಅವರು ಬಂದರು. ಆಂಟಿ ಬುತ್ತಿ ಕಟ್ಟಿ ತಂದಿದ್ದರು. ಹೊಸ ಗಾಡಿಯಲ್ಲಿ ಕೆರೆ ಹತ್ತಿರ ಹೋಗಿ ತಿನ್ನುವ ಯೋಚನೆಯಿತ್ತಂತೆ. ಶೆಡ್ಡಿನಲ್ಲೇ ಮೂವರೂ ಚಪಾತಿ ಪಲ್ಯ ತಿಂದೆವು. ಅಂಕಲ್ ಎದ್ದು ಬ್ಲಾಕಿನ ತೂತನ್ನು ಬೆರಳಿನಿಂದ ಸುತ್ತಲೂ ಸವರಿ, ಕರ್ಚೀಫಿನಲ್ಲಿ ಕೈ ಒರೆಸಿಕೊಂಡರು.

ಸತ್ತದ್ದು ಸತ್ತಿತು, ಯಾಕೆ ಸತ್ತಿತು ಎಂದು ತಿಳಿಯದೆ ನನಗೆ ಊಟ ಸೇರುವುದಿಲ್ಲ. ಬಿಚ್ಚಿದೆ. ಎಲ್ಲ ಬೇರಿಂಗುಗಳೂ ಕನ್ನಡಿಯಂತೆ ಹೊಳೆಯುತ್ತಿದ್ದವು. ಒಂದೇ ಜಾಗದಲ್ಲಿ ಕಬ್ಬಿಣ ಸುಟ್ಟು ನೀಲಿಯಾಗಿತ್ತು. ಅಲ್ಲಿಗೆ ಆಯಿಲ್ ಹೋಗಿಯೇ ಇಲ್ಲ. ಪ್ರೆಷರ್ ಮುಳ್ಳು ಸುಳ್ಳು ಹೇಳಿರಲಿಲ್ಲ, ಅದು ದೊಡ್ಡ ಕಾಲುವೆಯ ಲೆಕ್ಕ ಕೊಟ್ಟಿತ್ತು; ಕಟ್ಟಿಕೊಂಡದ್ದು ಕವಲು. ಆ ಕವಲಿಗೆ ತಂತಿ ತೂರಿಸಿ ತಳ್ಳಿದೆ. ಆಚೆಯಿಂದ ಎರಡು ಕಪ್ಪು ಚೂರು ಬಿದ್ದವು. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು ಅಂದುಕೊಂಡು ಉಗುರಿನಿಂದ ಕೆರೆದೆ. ಒಳಗೆ ಹಳದಿ. ಅಕ್ಕಿಕಾಳು, ಅರಿಶಿನ ಹಚ್ಚಿದ್ದು.

ಫಿಲ್ಟರ್ ಕೂರುವ ಆ ಬಾಯಿಯ ನಡುವಿನ ತೂತು ಫಿಲ್ಟರ್ ದಾಟಿದ ಆಯಿಲ್ಲಿನ ದಾರಿ. ಅಲ್ಲಿ ಬಿದ್ದದ್ದನ್ನು ತಡೆಯುವವರು ಮುಂದೆ ಯಾರೂ ಇಲ್ಲ.

ಬೈಯಬೇಕು ಅನ್ನಿಸಿತು, ಚೆನ್ನಾಗಿ ಬೈಯಬೇಕು. ಫೋನ್ ಕೈಗೆತ್ತಿಕೊಂಡು ಅಂಕಲ್ಲಿಗೆ ಮಾತ್ರ, ಒಬ್ಬರೇ ಬರ್ರಿ, ಅಂದೆ. ಹೆಂಡತಿಗೆ ಏನೋ ಹೇಳಿ ಡ್ಯಾಲಸ್ಸಿನಿಂದ ಬಸ್ಸಿನಲ್ಲಿ ಬಂದರು. ಆಸ್ಟಿನ್ ಬಸ್ ಸ್ಟ್ಯಾಂಡಿನಿಂದ ನಾನೇ ಕರೆತಂದೆ. ಶೆಡ್ಡಿನಲ್ಲಿ ಆ ಕಾಳನ್ನು ಅವರ ಅಂಗೈಯಲ್ಲಿ ಇಟ್ಟೆ. ಲೈಟಿನ ಕಡೆ ತಿರುಗಿಸಿ, ಕೈ ಹತ್ತಿರ ತಂದು, ದೂರ ಹಿಡಿದು ನೋಡಿದರು. ಕಾಣಲಿಲ್ಲ. ಬೆರಳಿನಿಂದ ಉರುಳಿಸಿದರು.

"ಅಕ್ಕಿ," ಅಂದರು.

"ಅಕ್ಷತಿ ರೀ."

ಕೂತುಬಿಟ್ಟರು. ನನ್ನ ಹತ್ತಿರ ಕುರ್ಚಿಯಿಲ್ಲ, ಹಳೆಯ ಟೈರಿನ ಮೇಲೆ ಕೂತರು.

"ಅವತ್ತು ವಾಪಸ್ ಹೋಗೋವಾಗ ಕಾರಲ್ಲಿ ಹೇಳಿದ್ಲು. ಬಾಯಿ ಮುಚ್ಚಿರೋರಿಗೆ ಪೂಜೆ ಏನು ತಲುಪುತ್ತೆ ಅಂತ ಬಿರಡೆ ತೆಗೆದು ನಾಲ್ಕು ಕಾಳು ಹಾಕಿ, ಮತ್ತೆ ನೀಟಾಗಿ ಮುಚ್ಚಿದ್ಲಂತೆ. ನಾನು ನಕ್ಕೆ. ಎಂಜಿನಿಯರ್ ನಾನು. ನಂಗೆ ಹೊಳೀಲೇ ಇಲ್ಲ ನೋಡು." ಕಾಳನ್ನು ಮುಷ್ಟಿಯಲ್ಲಿ ಹಿಡಿದು, "ಅದು ಗಾಡಿಗೆ ಹಾಕಿದ್ದಲ್ಲ ಕಣಮ್ಮ. ನನ್ನ ಕಣ್ಣಿಗೆ ಹಾಕಿದ್ದು," ಅಂದರು.

ನಾನು ಕೂಡಿಟ್ಟುಕೊಂಡಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ.

"ಅವಳಿಗೆ ಹೇಳ್ಬೇಡ. ಇವತ್ತು ಎಂಜಿನ್ ಅಂತಾಳೆ, ನಾಳೆ ನನ್ನ ಕಣ್ಣೂ ತನ್ನಿಂದ್ಲೇ ಹೋಯ್ತು ಅಂತಾಳೆ. ಅವಳ ತಲೆ ಹಾಗೇ ಓಡೋದು."

"ಹೇಳಂಗಿಲ್ರಿ."

ಆಮೇಲೆ ಅಂಕಲ್ ಎದ್ದು, ಅದೇ ವರ್ಷದ ಇನ್ನೊಂದು ಬ್ಲಾಕ್ ಹುಡುಕು ಅಂದರು. ನಂಬರ್ ಹೊಂದದಿದ್ದರೂ ಸರಿ, ಸದ್ದು ಅದೇ ಬರುತ್ತದಲ್ಲ. ಗುಜರಿಗಳಲ್ಲಿ ಸಿಗಬಹುದು. ಸಿಕ್ಕರೂ ಮತ್ತೆ ಹ್ಯೂಸ್ಟನ್, ಮತ್ತೆ ಪುಡಿ, ಮತ್ತೆ ಸರದಿ. ಹೊರಗೆ ಆಗಲೇ ಚಳಿ ಶುರುವಾಗಿತ್ತು.

"ಹುಡುಕಾಕ ನನ್ನ ಹತ್ರ ಟೈಮಿಲ್ಲ, ನೋಡಾಕ ನಿಮ್ಮ ಹತ್ರ ಕಣ್ಣಿಲ್ಲ. ಇನ್ನೂ ಸದ್ದು ಸದ್ದು ಅಂತ ಕುಂತ್ರ ಏನೂ ಸಿಗಂಗಿಲ್ರಿ ಅಂಕಲ್. ಕ್ರೇಟ್ ಎಂಜಿನ್ ಹಾಕ್ತೀನಿ. ಬ್ಯಾಡಂದ್ರ ಗಾಡಿ ತಗೊಂಡ್ ಹೋಗ್ರಿ."

ಇಷ್ಟು ಕಟುವಾಗಿ ಯಾವ ಗಿರಾಕಿಗೂ ಮಾತಾಡಿದವಳಲ್ಲ. ಮಾತು ಬಾಯಿ ದಾಟಿದ ಮೇಲೆ ಹಿಂದಕ್ಕೆ ಬರುವುದಿಲ್ಲ. ಅವರು ಬಾಗಿಲ ಕಡೆ, ಬೆಳಕು ಬರುವ ಕಡೆ, ಮುಖ ಮಾಡಿ ನಿಂತಿದ್ದರು.

"ಆಗ್ಲಿ," ಅಂದರು. "ನಿನ್ನ ಡಬ್ಬದ ಎಂಜಿನ್ನೇ ಹಾಕು."

ಡಬ್ಬದ ಎಂಜಿನ್ ಹೇಳಿದ ವಾರ ಬರಲಿಲ್ಲ. ಬಂದಾಗ ಅದರ ಆಯಿಲ್ ಪ್ಯಾನ್ ಗಾಡಿಯ ಅಡ್ಡಪಟ್ಟಿಗೆ ತಾಗಿತು. ಬೇರೆ ಪ್ಯಾನ್ ತರಿಸಿ, ಎಂಜಿನ್ ಕೂರುವ ಮೌಂಟುಗಳನ್ನು ಕತ್ತರಿಸಿ ಹಿಂದಕ್ಕೆ ಬೆಸೆದೆ. ಹಿಂದಕ್ಕೆ ಸರಿಸಿದ್ದಕ್ಕೆ ಗೇರ್‌ಬಾಕ್ಸಿನ ಲಿವರು ಸೀಟಿನ ಹತ್ತಿರ ಬಂತು. ಹೊಸ ಎಂಜಿನ್ನಿಗೆ ಪೆಟ್ರೋಲು ಒತ್ತಡದಲ್ಲಿ ಬೇಕು, ಆದ್ದರಿಂದ ಟ್ಯಾಂಕಿನೊಳಗೆ ಪಂಪು. ಟ್ಯಾಂಕ್ ಇಳಿಸಿದರೆ ಒಳಗೆ ತುಕ್ಕು. ವೈರಿಂಗ್ ಬೇರೆ ಮಾದರಿಯದ್ದು ಕಳಿಸಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವಂತೆ, ಎಂಜಿನ್ ಸಿದ್ಧವಾಗಿತ್ತು, ಗಾಡಿ ಅದನ್ನು ಒಳಗೆ ಬಿಡಲೊಲ್ಲದು. ನಾನು ಬೇರೆಯವರ ಕೆಲಸ ಮುಟ್ಟುವುದನ್ನೇ ನಿಲ್ಲಿಸಿದೆ. ಸೀಡರ್ ಪಾರ್ಕಿನ ಬ್ಯಾಟರಿ ಎಂಜಿನಿಯರು ತನ್ನ ಬ್ರೇಕಿಗೆ ಬೇರೆ ಗ್ಯಾರೇಜು ಹುಡುಕಿಕೊಂಡ.

ಆ ನಡುವೆ ಆಂಟಿ ಒಂದು ದಿನ ಫೋನ್ ಮಾಡಿದರು. "ಹಳೇದಕ್ಕೆ ಏನಾಗಿತ್ತಮ್ಮ? ಇವ್ರು ಸರಿಯಾಗಿ ಹೇಳ್ತಾನೇ ಇಲ್ಲ."

"ಹಳೇ ಕಬ್ಬಿಣ ರೀ ಆಂಟಿ. ದಣಿದಿತ್ತು."

"ಪೂಜೆ ಮಾಡಿಯೂ ಹೀಗಾಯ್ತಲ್ಲ."

"ಪೂಜಿಗೂ ಅದಕ್ಕೂ ಏನ್ ಸಂಬಂಧ ರೀ."

ಬಿಚ್ಚಿದ ಎಂಜಿನ್ ಬಗ್ಗೆ ನಾನು ಯಾರಿಗೂ ಸುಳ್ಳು ಹೇಳಿದವಳಲ್ಲ. ಫೋನ್ ಇಟ್ಟ ಮೇಲೆ ಕೈ ತೊಳೆದುಕೊಂಡೆ.

ಎಂಜಿನ್ ಮೊದಲ ಸಲ ಗಾಡಿಯೊಳಗೆ ಉಸಿರಾಡಿದ ವಾರವೇ ಅಂಕಲ್ಲಿನ ಫೋನ್ ಬಂತು. ಕಣ್ಣಿನ ಪರೀಕ್ಷೆ ಆಗಿತ್ತು. ಡಾಕ್ಟರ್ ಅಂದುಕೊಂಡಿದ್ದಕ್ಕಿಂತ ಬೇಗ ನೋಟ ಮುಗಿದಿತ್ತು. ಇನ್ನು ಹಗಲೂ ಇಲ್ಲ, ಸಣ್ಣ ರಸ್ತೆಯೂ ಇಲ್ಲ.

"ಇವತ್ತು ಮನೆ ಕಾರಿನ ಕೀ ಇವಳ ಕೈಗೆ ಕೊಟ್ಬಿಟ್ಟೆ ಕಣಮ್ಮ. ನೀನು ಕೆಲಸ ಅವಸರ ಮಾಡ್ಬೇಡ. ಇನ್ನೇನೂ ಅವಸರ ಇಲ್ಲ."

ಅಲೆನ್‌ನಲ್ಲಿ ಹಾಲು ತರಲೂ ಕಾರು ಬೇಕು. ಟೆಕ್ಸಸ್ಸಿನಲ್ಲಿ ಕೀ ಕೊಟ್ಟವನು ಕಾಲನ್ನೇ ಕೊಟ್ಟ ಹಾಗೆ. ಶೆಡ್ಡಿನಲ್ಲಿ ಹಸಿರು ಗಾಡಿ ಬಾನೆಟ್ ತೆರೆದು ನಿಂತಿತ್ತು, ಊಟಕ್ಕಿಲ್ಲದ ಉಪ್ಪಿನಕಾಯಿ. ನಾನು ಮೊದಲ ದಿನವೇ ಹಟ ಹಿಡಿದಿದ್ದರೆ ಇದು ದಸರಾ ಹೊತ್ತಿಗೆ ಅವರ ಕೈಯಲ್ಲಿ ಓಡುತ್ತಿತ್ತು. ಸ್ಟೂಲಿನ ಮೇಲೆ ಕೂತು ಅತ್ತೆ. ಯಾರಾದರೂ ಬಂದರೆ ಪೆಟ್ರೋಲಿನ ಉರಿ ಎಂದು ಹೇಳಲು ತಯಾರಾಗಿದ್ದೆ. ಯಾರೂ ಬರಲಿಲ್ಲ.

ಹೊಸ ಎಂಜಿನ್ನಿಗೆ ಒಂದು ಕೊನೆಯ ಕೆಲಸ ಬಾಕಿಯಿತ್ತು, ಡೈನೋ ಟ್ಯೂನಿಂಗ್, ಅಂದರೆ ನಿಂತಲ್ಲೇ ಓಡಿಸಿ ಶಕ್ತಿ ಅಳೆದು ಹದ ಮಾಡುವುದು. ಹ್ಯೂಸ್ಟನ್‌ನಲ್ಲಿ ಒಂದು ಶಾಪಿದೆ. ಗಾಡಿಯನ್ನು ಒಳಗೆ ನಿಲ್ಲಿಸಿ, ನಾಲ್ಕು ಕಡೆ ಪಟ್ಟಿ ಬಿಗಿದು ನೆಲಕ್ಕೆ ಕಟ್ಟುತ್ತಾರೆ. ಹಿಂದಿನ ಚಕ್ರಗಳು ನೆಲದಲ್ಲಿ ಹುಗಿದ ಉರುಳೆಗಳ ಮೇಲೆ ನಿಲ್ಲುತ್ತವೆ. ಓಡಿಸಿದರೆ ಚಕ್ರ ತಿರುಗುತ್ತದೆ, ಉರುಳೆ ತಿರುಗುತ್ತದೆ, ಗಾಡಿ ಇದ್ದಲ್ಲೇ ಇರುತ್ತದೆ. ಗಾಡಿ ಒಯ್ಯಲು ಪಟ್ಟಿಗಳನ್ನು ನನ್ನ ಪಿಕಪ್ಪಿಗೆ ಹಾಕುವಾಗ ಒಂದು ಯೋಚನೆ ಬಂತು. ಅಲ್ಲಿ ಸ್ಟಿಯರಿಂಗ್ ತಿರುಗಿಸಬೇಕಿಲ್ಲ. ಎದುರು ಯಾರೂ ಬರುವುದಿಲ್ಲ. ಲೈಸೆನ್ಸು ಕೇಳುವವರಿಲ್ಲ.

ಶಾಪಿನವನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಟ್ಯೂನಿಂಗ್ ಮುಗಿದ ಮೇಲೆ, ನಿಧಾನವಾಗಿ, ತಾನು ಪಕ್ಕದಲ್ಲೇ ನಿಂತಿರುತ್ತೇನೆ ಅಂದ.

ಆಂಟಿ ಅವರನ್ನು ಅಲೆನ್‌ನಿಂದ ಹ್ಯೂಸ್ಟನ್‌ವರೆಗೆ ಕರೆದುಕೊಂಡು ಬಂದರು. ದಾರಿಯುದ್ದಕ್ಕೂ ನೀಲಿ ಹೂವು ಬಿಟ್ಟಿತ್ತಂತೆ, ಇವರಿಗೆ ತೋರಿಸಿ ತೋರಿಸಿ ಸಾಕಾಯಿತು ಅಂದರು. ಅಂಕಲ್ ನಕ್ಕರು. ಶಾಪಿನವನು ಎಂಜಿನ್ ಸ್ಟಾರ್ಟ್ ಮಾಡಿದ. ಅಂಕಲ್ ತಲೆ ವಾಲಿಸಿ ಕೇಳಿದರು.

"ಇದು ಅದಲ್ಲ," ಅಂದರು.

"ಅಲ್ರಿ."

"ಇರ್ಲಿ ಬಿಡು."

ಆಂಟಿ ಚೀಲದಿಂದ ಬೆಳ್ಳಿ ಬಟ್ಟಲು ತೆಗೆದರು. ಬಾನೆಟ್ ತೆರೆದೇ ಇತ್ತು. ಅವರು ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಕೈ ಎತ್ತಿದಾಗ ನನ್ನ ಕೈ ನನ್ನನ್ನು ಕೇಳದೆ ಮುಂದೆ ಹೋಗಿ ಎಂಜಿನ್ ಮೇಲೆ ಅಡ್ಡ ನಿಂತಿತು. ಆಂಟಿ ನನ್ನ ಕೈ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಗಂಡನ ಕಡೆ ತಿರುಗಿದರು. ಅವರಿಗೆ ಇದೇನೂ ಕಾಣುತ್ತಿರಲಿಲ್ಲ. ಮುಷ್ಟಿ ಹಾಗೇ ಬಿಗಿಯಾಗಿತ್ತು. ನಿಧಾನವಾಗಿ ಅಕ್ಷತೆಯನ್ನು ಬಟ್ಟಲಿಗೆ ಸುರಿದು, ಕೈಗೆ ಅಂಟಿದ ಕಾಳುಗಳನ್ನು ಒಂದೊಂದಾಗಿ ಬಿಡಿಸಿ ಅದಕ್ಕೇ ಹಾಕಿ, ಬಟ್ಟಲನ್ನು ಚೀಲದೊಳಗೆ ಇಟ್ಟರು. ನಾನೇ ಬಾನೆಟ್ ಮುಚ್ಚಿದೆ.

ಅಂಕಲ್ಲನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆವು. ಆಂಟಿ ಪಕ್ಕದ ಸೀಟಿನಲ್ಲಿ ಕೂತರು. ಮುಂದೆ ದೊಡ್ಡ ಫ್ಯಾನು ಗಾಳಿ ಬೀಸುತ್ತಿತ್ತು. ನಾನು ಕಿಟಕಿಯ ಹತ್ತಿರ ನಿಂತೆ. ಅವರು ಕ್ಲಚ್ ಒತ್ತಿದರು, ಗೇರು ಹಾಕಿದರು. ಚಕ್ರಗಳು ತಿರುಗಿದವು.

ಜೋರಾಗಿ ಓಡಿಸುತ್ತಾರೆ, ಇಷ್ಟು ವರ್ಷದ ಆಸೆ ತೀರಿಸಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಎರಡನೇ ಗೇರಿಗೆ ಹೋಗಿ, ವೇಗ ಇಳಿಸಿ, ನಿಲ್ಲಿಸಿದರು. ಶಾಪಿನವನು ಏನಾಯಿತು ಎಂದು ಕೈಸನ್ನೆ ಮಾಡಿದ.

"ಸ್ಟಾಪ್ ಸೈನ್," ಅಂದರು ಅಂಕಲ್. ಆಮೇಲೆ ಬಲಕ್ಕೆ ಇಂಡಿಕೇಟರ್ ಹಾಕಿದರು. "ಸ್ಕೂಲ್ ಜೋನ್. ನಿಧಾನ."

ಅಲೆನ್‌ನ ಮನೆಯಿಂದ ಪ್ಲೇನೋದ ಆಫೀಸಿಗೆ ಹೋಗುತ್ತಿದ್ದರು. ಪ್ರತಿ ಸಿಗ್ನಲ್ಲಿಗೂ ನಿಂತರು. 75ನೇ ಹೆದ್ದಾರಿಗೆ ಹತ್ತುವಾಗ ತಲೆ ತಿರುಗಿಸಿ ಎಡಗಡೆ ನೋಡಿದರು. ಅಲ್ಲಿ ಶಾಪಿನ ಗೋಡೆ ಮಾತ್ರ ಇತ್ತು. ನಾಲ್ಕನೇ ಗೇರಿನಲ್ಲಿ ಎಂಜಿನ್ ಹಗುರಾಗಿ ಹಾಡಿತು. ಅದು ಅವರು ಕೇಳಿದ ಹಾಡಲ್ಲ. ಆಂಟಿ ಮಡಿಲಲ್ಲಿ ಚೀಲ ಹಿಡಿದು, ಎದುರಿನ ಫ್ಯಾನನ್ನೇ ರಸ್ತೆಯೆಂಬಂತೆ ನೋಡುತ್ತಾ ಕೂತಿದ್ದರು. ಅವರ ಕೆನ್ನೆ ಒದ್ದೆಯಾಗಿತ್ತು. ಒಂದು ಕಡೆ ಅವರೇ "ಇಲ್ಲಿ ಲೇನ್ ಚೇಂಜ್ ಮಾಡ್ತಿದ್ರಿ" ಅಂದರು. ಅಂಕಲ್ ಇಂಡಿಕೇಟರ್ ಹಾಕಿದರು.

ಆಫೀಸಿನವರೆಗೆ ಹೋದರು. ಅಲ್ಲಿಂದ ಮನೆಗೆ ತಿರುಗಿದರು. ಶಾಪಿನವನು ಗಡಿಯಾರ ನೋಡುವುದನ್ನು ಬಿಟ್ಟಿದ್ದ. ಕೊನೆಗೆ ಮೊದಲನೇ ಗೇರಿಗೆ ಬಂದು, ಎಡಕ್ಕೆ ಇಂಡಿಕೇಟರ್ ಹಾಕಿ, ಗಾಡಿ ನಿಲ್ಲಿಸಿದರು. ನ್ಯೂಟ್ರಲ್ ಮಾಡಿದರು. ಎಂಜಿನ್ ಮಾತ್ರ ಆಫ್ ಮಾಡಲಿಲ್ಲ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಹಾಗೇ ಕೂತರು. ನಾನು ಕಾದೆ. ಶಾಪಿನವನೂ ಕಾದ. ಅವರ ಕೈ ಸಡಿಲವಾಗಲಿಲ್ಲ.

ಆಂಟಿ ಸೆರಗಿನಿಂದ ಮುಖ ಒರೆಸಿಕೊಂಡರು. ಬಗ್ಗಿ, ಕೈ ಚಾಚಿ, ಅವರೇ ಕೀ ತಿರುಗಿಸಿದರು.

"ಇಳೀರಿ," ಅಂದರು. "ಮನೆ ಬಂತು."